ಒಂದು ಕೊಂಬು ತೆಗೆದು ಗುಡಿಸು ಹಾಕಲು 19 ದಿನ

ನಿಮ್ಮ ಪ್ರಶ್ನೆ ಇದು: "ನನ್ನ ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಯಾವಾಗ ಫೋನ್ ಮಾಡಿದರೂ ಮೀಟಿಂಗ್‌ನಲ್ಲಿದ್ದೀನಿ ಅನ್ನುತ್ತಾನೆ. ಏನು ಮೀಟಿಂಗ್ ಅಂದರೆ, ಒಂದು ಬಟನ್ ಸರಿ ಮಾಡ್ತಿದ್ದೀವಿ ಅನ್ನುತ್ತಾನೆ. ಒಂದು ಬಟನ್‌ಗೆ ಇಷ್ಟು ಜನ, ಇಷ್ಟು ದಿನ ಯಾಕೆ ಬೇಕು?"

ನಿಮ್ಮ ತಮ್ಮ ಸುಳ್ಳು ಹೇಳುತ್ತಿಲ್ಲ. ನಾನು ಬೆಂಗಳೂರಿನಲ್ಲೇ ಹನ್ನೆರಡು ವರ್ಷದಿಂದ ಟೆಸ್ಟರ್. ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಆಫೀಸಿನಲ್ಲಿ ಇದಕ್ಕೆ ಸಂಬಳ ಕೊಡುತ್ತಾರೆ, ಮನೆಯಲ್ಲಿ ಮಾಡಿದರೆ ಊಟ ಸಿಗುವುದೂ ಕಷ್ಟ. ಕಳೆದ ತಿಂಗಳು ನಾವೂ ಒಂದು ಬಟನ್ ಸರಿ ಮಾಡಿದೆವು. ಇಡೀ ಬಟನ್ ಅಲ್ಲ, ಅದರ ಮೇಲಿನ ಒಂದೇ ಒಂದು ಕೊಂಬು. 'ಸಲ್ಲಿಸು' ಅಂತ ಇದ್ದದ್ದನ್ನು 'ಸಲ್ಲಿಸಿ' ಮಾಡಿದೆವು. 19 ದಿನ ಹಿಡಿಯಿತು.

ನಮ್ಮದು ಬಿಲ್ ಕಟ್ಟುವ ಆ್ಯಪ್. ಕರೆಂಟು, ನೀರು, ಗ್ಯಾಸ್ ಸಿಲಿಂಡರ್ ಎಲ್ಲ ಅದರಲ್ಲೇ. ಒಂದು ಶುಕ್ರವಾರ ಕಸ್ಟಮರ್ ಕೇರ್‌ಗೆ ಒಂದು ಕರೆ ಬಂತು. ಆ ಕಡೆ ಒಬ್ಬ ರಿಟೈರ್ಡ್ ಹೆಡ್‌ಮಾಸ್ಟರ್. ಅದರ ರೆಕಾರ್ಡಿಂಗ್ ನಮಗೂ ಕಳಿಸಿದ್ದರು.

"ನೋಡಮ್ಮ, ನಿಮ್ಮ ಆ್ಯಪ್ ನನ್ನನ್ನ ಏಕವಚನದಲ್ಲಿ ಮಾತಾಡಿಸುತ್ತೆ. 'ಸಲ್ಲಿಸು' ಅನ್ನುತ್ತೆ. 'ಹಿಂದೆ ಹೋಗು' ಅನ್ನುತ್ತೆ. ದುಡ್ಡು ಕಟ್ಟಿದ ಮೇಲೆ 'ಮನೆಗೆ ಹೋಗು' ಅನ್ನುತ್ತೆ. ನಾನು ಮನೆಯಲ್ಲೇ ಇದ್ದೀನಿ! ನನ್ನ ಮಕ್ಕಳೇ ನನಗೆ ಹೀಗೆ ಅಂದಿಲ್ಲ."

ಪಾಪ, ಆ ಹುಡುಗಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮುಂದಿದ್ದ ಪಟ್ಟಿಯಲ್ಲಿ ಮೊದಲನೆಯದನ್ನು ಓದಿದಳು. "ಸರ್, ಫೋನನ್ನ ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡ್ತೀರಾ?"

"ಆಫ್ ಮಾಡಿ ಆನ್ ಮಾಡಿದರೆ ಮರ್ಯಾದೆ ಕೊಡುತ್ತಾ?"

ಆ ದೂರು ಟಿಕೆಟ್ ಆಗಿ ಜಿರಾ ಹತ್ತಿತು. ಜಿರಾ ಅಂದರೆ ನಾವು ಕೆಲಸಗಳನ್ನೆಲ್ಲ ಒಂದೊಂದು ಟಿಕೆಟ್ ಮಾಡಿ ಬರೆದಿಡುವ ಸಾಫ್ಟ್‌ವೇರ್, ಜೀರಿಗೆಗೂ ಇದಕ್ಕೂ ಸಂಬಂಧ ಇಲ್ಲ. ಗಾಡ್ಜಿಲ್ಲಾ ಅನ್ನುವ ದೈತ್ಯ ಪ್ರಾಣಿಗೆ ಜಪಾನಿನಲ್ಲಿ ಗೊಜಿರಾ ಅನ್ನುತ್ತಾರೆ. ಅದರ ತಲೆ ಕತ್ತರಿಸಿ ಉಳಿದದ್ದಕ್ಕೆ ಇವರು ಜಿರಾ ಅಂತ ಹೆಸರಿಟ್ಟರು. ತಲೆ ಇಲ್ಲದಿದ್ದರೂ ಹೊಟ್ಟೆ ದೊಡ್ಡದು. ಹಾಕಿದ್ದೆಲ್ಲ ಒಳಗೆ ಹೋಗುತ್ತದೆ.

ನಮ್ಮ ಮ್ಯಾನೇಜರ್‌ಗೆ ಕನ್ನಡ ಬರುವುದಿಲ್ಲ. ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಕೇಳಿದರು. "ಈ ಎರಡೂ ಪದಕ್ಕೆ ಒಂದೇ ಅರ್ಥ ತಾನೇ?" ಹೌದು ಅಂದೆವು. "ಒತ್ತಿದರೆ ಹಣ ಹೋಗುತ್ತಾ?" ಹೋಗುತ್ತೆ ಅಂದೆವು. "ಹಾಗಾದರೆ ಇದು ಬಗ್ ಅಲ್ಲ. ಹೊಸ ಫೀಚರ್." ಬಗ್ ಅಂದರೆ ಕೋಡಿನ ತಪ್ಪು, ಈಗಲೇ ಸರಿ ಮಾಡಬೇಕು. ಫೀಚರ್ ಅಂದರೆ ಹೊಸ ಸೌಲಭ್ಯ, ಮುಂದಿನ ಸ್ಪ್ರಿಂಟ್‌ವರೆಗೆ ಕಾಯಬೇಕು. ನಮ್ಮಲ್ಲಿ ಸ್ಪ್ರಿಂಟ್ ಅಂದರೆ ಎರಡು ವಾರದ ಒಂದು ಕಂತು ಕೆಲಸ. ಓಟ ಅನ್ನುವ ಹೆಸರಿಟ್ಟುಕೊಂಡು ಎರಡು ವಾರ ತೆಗೆದುಕೊಳ್ಳುವುದು ನಮಗೆ ಮಾತ್ರ ಸಾಧ್ಯ. ಹೀಗೆ ಮೊದಲ ಐದು ದಿನ ಯಾರೂ ಏನೂ ಮಾಡದೆ ಕಳೆದವು.

ಆರನೇ ದಿನ ಮೀಟಿಂಗ್. ಅವತ್ತು ಪಟ್ಟಿಯಲ್ಲಿ ಎರಡು ವಿಷಯ ಇದ್ದವು. ಒಂದು, ಹಣ ಪಾವತಿಯ ಇಡೀ ವ್ಯವಸ್ಥೆಯನ್ನು ಬೇರೆ ಕಡೆಗೆ ಸಾಗಿಸುವುದು. ಇದು ಐದು ನಿಮಿಷದಲ್ಲಿ ಪಾಸಾಯಿತು, ಯಾಕೆಂದರೆ ಅದು ಇಬ್ಬರಿಗೆ ಬಿಟ್ಟು ಯಾರಿಗೂ ಅರ್ಥವಾಗಿರಲಿಲ್ಲ. ಎರಡನೆಯದು, ಈ ಕೊಂಬು. ಕನ್ನಡ ಮ್ಯಾನೇಜರ್ ಬಿಟ್ಟು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಒಂದು ಗಂಟೆ ಹತ್ತು ನಿಮಿಷ. ಪಾರ್ಕಿನ್ಸನ್ ಅನ್ನುವ ಬ್ರಿಟಿಷ್ ಪ್ರೊಫೆಸರ್ 1957ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅಣು ಸ್ಥಾವರಕ್ಕೆ ಸಮಿತಿಯವರು ಕ್ಷಣದಲ್ಲಿ ಒಪ್ಪಿಗೆ ಕೊಡುತ್ತಾರಂತೆ, ಸೈಕಲ್ ಶೆಡ್ಡಿಗೆ ಮಾತ್ರ ಎಲ್ಲರೂ ಬಾಯಿ ಹಾಕುತ್ತಾರಂತೆ.

ಆದರೆ ಸುಮ್ನೆ ಹರಟೆ ಅಂತ ತಿಳಿಯಬೇಡಿ. ನಮ್ಮ ಹಿರಿಯ ಡೆವಲಪರ್ ಒಂದು ಮಾತು ಹೇಳಿದ. ಅದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

"ಬಟನ್ ಮೇಷ್ಟ್ರಿಗೆ ಹೇಳ್ತಿಲ್ಲ. ಮೇಷ್ಟ್ರು ಫೋನಿಗೆ ಹೇಳ್ತಿದ್ದಾರೆ. 'ಏ ಫೋನೇ, ಇದನ್ನ ಸಲ್ಲಿಸು' ಅಂತ. ಫೋನಿಗೆ ಯಾರಾದರೂ ಬಹುವಚನ ಹಾಕ್ತಾರಾ?"

ಎಲ್ಲರೂ ಗಪ್‌ಚಿಪ್. ಯೋಚನೆ ಮಾಡಿ ನೋಡಿ, ಅವನು ಹೇಳಿದ್ದು ಸರಿಯಾಗಿಯೇ ಇದೆ. ಇಂಗ್ಲಿಷಿನಲ್ಲಿ 'ಸಬ್‌ಮಿಟ್' ಅಂದರೆ ಮುಗಿಯಿತು, ಯಾರು ಯಾರಿಗೆ ಹೇಳಿದ್ದು ಅಂತ ಯಾರೂ ಕೇಳುವುದಿಲ್ಲ. ಕನ್ನಡಕ್ಕೆ ತರುವಾಗ ಮಾತ್ರ ಬಟನ್ ದೊಡ್ಡದಾ, ಮನುಷ್ಯ ದೊಡ್ಡವನಾ ಅಂತ ಮೊದಲು ತೀರ್ಮಾನ ಆಗಬೇಕು.

"'ಮನೆಗೆ ಹೋಗು' ಅನ್ನೋದೂ ಫೋನಿಗೇನಾ?" ಅಂತ ಇನ್ನೊಬ್ಬಳು ಕೇಳಿದಳು. "ಅದು ಯಾರ ಮನೆಗೆ ಹೋಗಬೇಕು?"

ಆಮೇಲೆ ಸಲಹೆಗಳ ಮಳೆ. 'ಸಲ್ಲಿಕೆ' ಅಂತ ಹಾಕಿದರೆ ಏಕವಚನವೂ ಇಲ್ಲ ಬಹುವಚನವೂ ಇಲ್ಲ ಅಂತ ಒಬ್ಬ. ತಾಲೂಕು ಆಫೀಸಿನ ನೋಟಿಸ್ ಬೋರ್ಡ್ ಥರ ಇದೆ ಅಂತ ಇನ್ನೊಬ್ಬ. 'ಸಬ್‌ಮಿಟ್' ಅಂತಲೇ ಕನ್ನಡದಲ್ಲಿ ಬರೆಯೋಣ, ಎಲ್ಲರೂ ಅನ್ನೋದು ಅದನ್ನೇ ಅಂತ ಮತ್ತೊಬ್ಬ. ಧಾರವಾಡದ ಹುಡುಗಿ ಕೊನೆಗೆ, "'ಸಲ್ಲಿಸ್ರಿ' ಅಂತ ಹಾಕಿಬಿಡ್ರಿ, ಜಗಳಾನ ಮುಗೀತದ" ಅಂದಳು. ನನ್ನ ವೋಟು ಅದಕ್ಕೇ ಇತ್ತು. ಆದರೆ ನಾನು ಬಾಯಿ ಬಿಡಲಿಲ್ಲ.

ಯಾಕೆ ಅಂದರೆ, ಆ 'ಸಲ್ಲಿಸು' ಬರೆದವನು ನಾನೇ.

ಎರಡು ವರ್ಷದ ಹಿಂದೆ ಆ್ಯಪ್‌ಗೆ ಕನ್ನಡ ಸೇರಿಸುವಾಗ ಯಾರೋ "ನಿನಗೆ ಕನ್ನಡ ಬರುತ್ತಲ್ಲ" ಅಂದರು. ಸಂಜೆ ಆರಕ್ಕೆ 600 ಸಾಲಿನ ಒಂದು ಎಕ್ಸೆಲ್ ಶೀಟ್ ಬಂತು, ಸೋಮವಾರದೊಳಗೆ ಬೇಕು ಅಂತ. ಅದರಲ್ಲಿ ಬರೀ ಪದಗಳು. ಯಾವ ಪದ ಯಾವ ಪುಟದಲ್ಲಿ ಬರುತ್ತೆ, ಯಾರು ಓದುತ್ತಾರೆ ಅನ್ನುವ ಸುಳಿವೇ ಇಲ್ಲ. 'ಹೋಮ್' ಅಂತಿತ್ತು, ಮನೆ ಅಂದೆ. 'ಬುಕ್' ಅಂತಿತ್ತು, ಪುಸ್ತಕ ಅಂದೆ. ಅದು ಸಿಲಿಂಡರ್ ಬುಕ್ ಮಾಡುವ ಬಟನ್ ಅಂತ ಆಮೇಲೆ ಗೊತ್ತಾಯಿತು. ಮೂರು ತಿಂಗಳು ನಮ್ಮ ಆ್ಯಪ್‌ನಲ್ಲಿ 'ಸಿಲಿಂಡರ್ ಪುಸ್ತಕ' ಇತ್ತು. ಯಾರೂ ದೂರು ಕೊಡಲಿಲ್ಲ. ಕನ್ನಡ ಆ್ಯಪ್ ಅಂದರೆ ಹೀಗೇ ಇರುತ್ತೆ ಅಂತ ಜನ ಸಮಾಧಾನ ಮಾಡಿಕೊಂಡಿದ್ದರು ಅಂತ ಕಾಣುತ್ತೆ. ಇದು ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಮೀಟಿಂಗ್ ಮುಗಿಯುವ ಹೊತ್ತಿಗೆ ಮಾರ್ಕೆಟಿಂಗ್‌ನವರು ಬಂದು, ಎಸ್ಸೆಮ್ಮೆಸ್ ಕೂಡ ಮರ್ಯಾದೆಯಿಂದ ಕನ್ನಡದಲ್ಲೇ ಕಳಿಸೋಣ ಅಂದರು. ಲೆಕ್ಕ ಹೇಳಿದ ಮೇಲೆ ಸುಮ್ಮನಾದರು. ಇಂಗ್ಲಿಷ್ ಆದರೆ ಒಂದು ಮೆಸೇಜಿನಲ್ಲಿ 160 ಅಕ್ಷರ ಹಿಡಿಸುತ್ತದೆ, ಕನ್ನಡ ಆದರೆ 70. ಅದರಲ್ಲೂ ಕೊಂಬು, ಗುಡಿಸು ಎಲ್ಲ ಒಂದೊಂದು ಅಕ್ಷರ ಅಂತಲೇ ಲೆಕ್ಕ. 'ಸಲ್ಲಿಸಿ' ನಮ್ಮ ಕಣ್ಣಿಗೆ ಮೂರಕ್ಷರ, ಕಂಪ್ಯೂಟರ್‌ಗೆ ಏಳು. ಕೊನೆಗೆ ತೀರ್ಮಾನ ಆಯಿತು: ಸದ್ಯಕ್ಕೆ 'ಸಲ್ಲಿಸು' ಒಂದನ್ನೇ ಬದಲಾಯಿಸುವುದು, ಉಳಿದದ್ದೆಲ್ಲ ಆಮೇಲೆ.

ಡೆವಲಪರ್ ಕೆಲಸಕ್ಕೆ ಕೂತಿದ್ದು ಹನ್ನೊಂದನೇ ದಿನ. ನಾಲ್ಕು ನಿಮಿಷದಲ್ಲಿ ಬದಲಾಯಿಸಿದ. ಇಷ್ಟಕ್ಕೆ ನಿಲ್ಲಿಸಿದ್ದರೆ ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರವೇ ಇರುತ್ತಿರಲಿಲ್ಲ.

ನಾನು ಟೆಸ್ಟ್ ಮಾಡಲು ಕೂತೆ. 'ಸಲ್ಲಿಸಿ' ಒತ್ತಿದೆ. ಹಣ ಹೋಗಲಿಲ್ಲ, ಆ್ಯಪ್ ಹಿಂದಿನ ಪುಟಕ್ಕೆ ಹೋಯಿತು. ಮತ್ತೆ ಒತ್ತಿದೆ, ಮತ್ತೆ ಹಿಂದಕ್ಕೆ. ಮರ್ಯಾದೆ ಕೊಟ್ಟ ಕೂಡಲೇ ಬಟನ್ ಕೆಲಸ ಮಾಡುವುದನ್ನೇ ನಿಲ್ಲಿಸಿತ್ತು. ಡೆವಲಪರ್ ಬಂದು ನೋಡಿ, ಎಂದಿನಂತೆ "ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿದೆ" ಅಂದ. ಅವನು ಇಂಗ್ಲಿಷಿನಲ್ಲಿ ನೋಡಿದ್ದ.

ಕೋಡ್ ಅಗೆದಾಗ ವಿಷಯ ಗೊತ್ತಾಯಿತು. ಹಳೆಯ ಕಾಲದಲ್ಲಿ ಯಾರೋ ಬರೆದಿದ್ದರು: ಬಟನ್ ಮೇಲೆ 'ಸಬ್‌ಮಿಟ್' ಅಂತ ಇದ್ದರೆ ಹಣ ಕಟ್ಟು, ಬೇರೆ ಏನಾದರೂ ಇದ್ದರೆ ಹಿಂದೆ ಹೋಗು. ಕನ್ನಡ ಬಂದಾಗ ಅದರ ಪಕ್ಕದಲ್ಲಿ 'ಅಥವಾ ಸಲ್ಲಿಸು' ಅಂತ ಸೇರಿಸಿದ್ದರು. ಅಂದರೆ ಈ ಪ್ರೋಗ್ರಾಂ ಬೋರ್ಡ್ ಓದಿಕೊಂಡು ಕೆಲಸ ಮಾಡುತ್ತಿತ್ತು. ಅಂಗಡಿ ಬೋರ್ಡಿಗೆ ಹೊಸ ಬಣ್ಣ ಹೊಡೆದ ದಿನ ಅಂಗಡಿಯವನಿಗೇ ತನ್ನ ಅಂಗಡಿ ಗುರುತು ಸಿಗದ ಹಾಗೆ. ಅದೇ ಪದ ಇನ್ನೂ 14 ಪುಟಗಳಲ್ಲಿ ಇತ್ತು. ಎಲ್ಲ ಕಡೆ ಹುಡುಕಿ ಬದಲಾಯಿಸಿದ್ದಾಯಿತು.

ಆದರೂ ಒಂದು ಪುಟದಲ್ಲಿ ಆಗಲೇ ಇಲ್ಲ.

ಬಟನ್ ಮೇಲೂ 'ಸಲ್ಲಿಸಿ', ಕೋಡಿನಲ್ಲೂ 'ಸಲ್ಲಿಸಿ'. ಎರಡನ್ನೂ ಅಕ್ಕಪಕ್ಕ ಇಟ್ಟು, ದೊಡ್ಡದು ಮಾಡಿ, ಕಣ್ಣು ಕಿರಿದು ಮಾಡಿ ನೋಡಿದೆವು. ಒಂದೇ ಥರ ಇವೆ. ಕಂಪ್ಯೂಟರ್ ಮಾತ್ರ ಬೇರೆ ಬೇರೆ ಅನ್ನುತ್ತಿದೆ. ಒಂದೂವರೆ ದಿನ ಹೋಯಿತು. ಕೊನೆಗೆ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಎಣಿಸಿದರೆ ಒಂದರಲ್ಲಿ ಏಳು, ಇನ್ನೊಂದರಲ್ಲಿ ಎಂಟು. ಡೆವಲಪರ್‌ಗೆ ಕನ್ನಡ ಟೈಪ್ ಮಾಡಲು ಬರುತ್ತಿರಲಿಲ್ಲ. ನಾನು ಚಾಟ್‌ನಲ್ಲಿ ಕಳಿಸಿದ ಪದವನ್ನೇ ಕಾಪಿ ಮಾಡಿದ್ದ. ಅದರ ಬಾಲಕ್ಕೆ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿಕೊಂಡು ಬಂದಿತ್ತು.

ಕಾಣದ ಅಕ್ಷರ ಅಂದರೆ ಭೂತ ಅಲ್ಲ. ಅದು ಕನ್ನಡಕ್ಕೆ ನಿಜವಾಗಿ ಬೇಕು. ಈಗ ನೀವು ಓದುತ್ತಿರುವ 'ಸಾಫ್ಟ್‌ವೇರ್' ಪದದಲ್ಲೂ ಒಂದು ಇದೆ. ಟ್ ಆದ ಮೇಲೆ, ವೇಗಿಂತ ಮುಂಚೆ. ಅದು ಇಲ್ಲದಿದ್ದರೆ ವ ಕೂಡ ಟ ಥರ ಫ ಕೆಳಗೆ ಒತ್ತಾಗಿ ನೇತಾಡುತ್ತದೆ. ಒತ್ತು ಆಗಬೇಡ, ಪಕ್ಕದಲ್ಲೇ ನಿಂತುಕೋ ಅಂತ ಹೇಳುವುದೇ ಅದರ ಕೆಲಸ. ಜಾಗ ತಪ್ಪಿ ಕೂತರೆ ಮಾತ್ರ ಫಜೀತಿ. 2018ರ ಫೆಬ್ರುವರಿಯಲ್ಲಿ ಆ್ಯಪಲ್‌ಗೆ ಆದದ್ದು ನೆನಪಿರಬಹುದು. ತೆಲುಗಿನ 'ಜ್ಞಾ' ಅಕ್ಷರದ ನಡುವೆ ಇದೇ ಕಾಣದ ಅಕ್ಷರ ಸೇರಿಕೊಂಡ ಮೆಸೇಜ್ ಬಂದರೆ ಸಾಕು, ಐಫೋನಿನಲ್ಲಿ ಅದನ್ನು ತೋರಿಸಲು ಹೋದ ಆ್ಯಪ್ ಕುಸಿದು ಬೀಳುತ್ತಿತ್ತು. ಬಡಪಾಯಿ ಫೋನಿಗೆ ಜ್ಞಾನ ತಡೆದುಕೊಳ್ಳಲು ಆಗಲಿಲ್ಲ. ಅದೇ ತಿಂಗಳು ಹೊಸ ಅಪ್‌ಡೇಟ್ ಕೊಟ್ಟು ಸರಿ ಮಾಡಿದರು. ಅಷ್ಟು ದೊಡ್ಡ ಕಂಪನಿಗೇ ಹೀಗಾದರೆ ನಮ್ಮ ಪಾಡೇನು ಅಂತ ನಾನು ಮೀಟಿಂಗ್‌ನಲ್ಲಿ ಹೇಳಿದೆ. ಟೆಸ್ಟರ್‌ಗಳು ಇಂಥ ಕಥೆಗಳನ್ನು ಕಿಸೆಯಲ್ಲೇ ಇಟ್ಟುಕೊಂಡಿರಬೇಕು.

ಇಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಬಟನ್ ಎತ್ತರವನ್ನು ಡಿಸೈನರ್ ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ್ದ. ಕೆಲವು ಫೋನುಗಳಲ್ಲಿ ಲ ಕೆಳಗಿನ ಒತ್ತು ಕತ್ತರಿಸಿ ಹೋಗಿ 'ಸಲಿಸಿ' ಅಂತ ಕಾಣುತ್ತಿತ್ತು. ಎರಡು ವರ್ಷದಿಂದ ಹಾಗೇ ಇತ್ತು. ಅದನ್ನೂ ಸರಿ ಮಾಡಿದೆವು.

ಎಲ್ಲ ಮುಗಿದಾಗ ಹದಿನೈದನೇ ದಿನ, ಶುಕ್ರವಾರ. ನಮ್ಮಲ್ಲಿ ಶುಕ್ರವಾರ ರಿಲೀಸ್ ಮಾಡುವುದು ಅಮಾವಾಸ್ಯೆ ದಿನ ಹೊಸ ಗಾಡಿ ತಂದ ಹಾಗೆ. ಕೆಟ್ಟರೆ ಶನಿವಾರ ಭಾನುವಾರ ಕೂತು ಸರಿ ಮಾಡುವವರು ಯಾರು? ಆಯುಧಪೂಜೆಗೆ ಲ್ಯಾಪ್‌ಟಾಪ್‌ಗೆ ಕುಂಕುಮ ಇಟ್ಟು, ಸರ್ವರ್ ರೂಮಿನ ಬಾಗಿಲಿಗೆ ಬಾಳೆಕಂದು ಕಟ್ಟುವ ಜನ ನಾವು, ಶುಕ್ರವಾರದ ವಿಷಯದಲ್ಲಿ ಧೈರ್ಯ ತೋರಿಸುತ್ತೇವಾ? ಸೋಮವಾರ ಒಪ್ಪಿಗೆ, ಮಂಗಳವಾರ ರಿಲೀಸ್. 19 ದಿನ ಆಯ್ತಲ್ವಾ?

ಕಸ್ಟಮರ್ ಕೇರ್ ಹುಡುಗಿ ಮೇಷ್ಟ್ರಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಆ ರೆಕಾರ್ಡಿಂಗ್ ಕೂಡ ನಮಗೆ ಬಂತು.

"ಸಂತೋಷ ಅಮ್ಮ. ಆದರೆ ಆವತ್ತೇ ನನ್ನ ಮೊಮ್ಮಗಳು ಆ್ಯಪ್‌ನ ಇಂಗ್ಲಿಷಿಗೆ ಹಾಕಿಕೊಟ್ಟಳು. ಇಂಗ್ಲಿಷಿನಲ್ಲಿ ಏನಂದರೂ ಬೇಜಾರಾಗಲ್ಲ ನೋಡು."

"ಇಲ್ಲ ಸರ್, ದಯವಿಟ್ಟು ಕನ್ನಡಕ್ಕೇ ಬನ್ನಿ. ತುಂಬಾ ಸುಲಭ. ಸೆಟ್ಟಿಂಗ್ಸ್‌ನಲ್ಲಿ ಕೊನೆಗೆ ಒಂದು ಬಟನ್ ಇದೆ. ಎಲ್ಲರಿಗೂ ಗೊತ್ತಾಗಲಿ ಅಂತ ಅದನ್ನ ಯಾವಾಗಲೂ ಕನ್ನಡದಲ್ಲೇ ಬರೆದಿರ್ತೀವಿ. 'ಭಾಷೆ ಬದಲಿಸು' ಅಂತ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"'ಬದಲಿಸು' ಅಂತಲೇ ಇದೆಯೇನಮ್ಮ?"

ಆ ಟಿಕೆಟ್‌ನ ಮೀಟಿಂಗ್ ಇವತ್ತು ಮೂರು ಗಂಟೆಗೆ. ಈಗ ಎರಡು ಐವತ್ತೈದು.