ಸಂಪಾದಕರ ಉತ್ತರ: ಮೂಗು ಮುಚ್ಚಿಕೊಂಡ ಕೈ

ಮಾನ್ಯರೇ,

ದಕ್ಷಿಣ ಕೊರಿಯಾದ ‘ಪ್ಯಾರಸೈಟ್’ ಚಿತ್ರದ ಬಗ್ಗೆ ನಮ್ಮಲ್ಲಿ ಪ್ರಕಟವಾದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ಉಳಿದ ಓದುಗರಿಗಾಗಿ ನಿಮ್ಮ ತಕರಾರನ್ನು ಚಿಕ್ಕದಾಗಿ ಹೇಳುತ್ತೇನೆ. ಕಿಮ್ ಕುಟುಂಬದ ನಾಲ್ವರೂ ಸುಳ್ಳು ಹೇಳಿ, ನಕಲಿ ಪ್ರಮಾಣಪತ್ರ ತೋರಿಸಿ, ಮೊದಲಿದ್ದ ಕೆಲಸದವರ ಅನ್ನ ಕಿತ್ತುಕೊಂಡು ಅಪ್ಪ ಚಾಲಕನಾಗಿ, ಅಮ್ಮ ಅಡುಗೆಯಾಕೆಯಾಗಿ, ಮಗ ಮಗಳು ಮಕ್ಕಳ ಟೀಚರುಗಳಾಗಿ ಸಿರಿವಂತ ಪಾರ್ಕ್ ದಂಪತಿಯ ಮನೆ ಸೇರುತ್ತಾರೆ. ಆ ದಂಪತಿಯಾದರೋ ಯಾರ ಮೇಲೂ ಕೈ ಎತ್ತಿದವರಲ್ಲ, ಸಂಬಳ ಹಿಡಿದಿಟ್ಟವರಲ್ಲ. ಹಾಗಿದ್ದೂ ಕೊನೆಗೆ ಚಾಕುವಿಗೆ ಬಲಿಯಾಗುವವನು ಪಾರ್ಕ್. ‘ಬಂದಳಿಕೆಯ ಪಕ್ಷ ವಹಿಸಿ ಮಾವಿನ ಮರವನ್ನೇ ಕಡಿದಂತಾಯಿತು’ ಎಂದಿದ್ದೀರಿ. 2019ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್, 2020ರಲ್ಲಿ ಶ್ರೇಷ್ಠ ಚಿತ್ರದ ಪ್ರಶಸ್ತಿಯೂ ಸೇರಿದಂತೆ 4 ಆಸ್ಕರ್, ಇವೆಲ್ಲ ಹಣವಂತ ವಿಮರ್ಶಕರ ಪಾಪಪ್ರಜ್ಞೆಯ ಕಾಣಿಕೆ ಎಂಬುದು ನಿಮ್ಮ ತೀರ್ಮಾನ.

ಕಿಮ್‌ಗಳು ಮಾಡಿದ್ದು ಅನ್ಯಾಯ ಎಂಬುದರಲ್ಲಿ ನನಗೂ ಸಂಶಯವಿಲ್ಲ. ನಿರ್ದೇಶಕ ಬಾಂಗ್ ಜೂನ್-ಹೋ ಅವರಿಗೂ ಇದ್ದಂತಿಲ್ಲ. ಪೀಚ್ ಹಣ್ಣಿನ ನವಿರು ಉದುರಿಸಿ, ಅದು ಒಗ್ಗದ ಮನೆಗೆಲಸದಾಕೆಗೆ ಕ್ಷಯರೋಗದ ಪಟ್ಟ ಕಟ್ಟುವ ಪ್ರಸಂಗದಲ್ಲಿ ನಾವು ನಗುತ್ತೇವೆ, ಆ ನಗು ಮುಂದೆ ನಮ್ಮ ಗಂಟಲಲ್ಲೇ ಸಿಕ್ಕಿಕೊಳ್ಳುವಂತೆ ಅವರು ನೋಡಿಕೊಳ್ಳುತ್ತಾರೆ. ಕೆಲಸ ಕಳೆದುಕೊಂಡ ಹಳೆಯ ಚಾಲಕನಿಗೆ ಬೇರೆಲ್ಲಾದರೂ ಕೆಲಸ ಸಿಕ್ಕಿರಬಹುದೇ ಎಂದು ಅಪ್ಪ ಕಿ-ಟೆಕ್ ಕೇಳಿದಾಗ, ಮೊದಲು ನಮ್ಮ ಚಿಂತೆ ಮಾಡು ಎಂದು ಮಗಳು ಕಿ-ಜಂಗ್ ಗದರುತ್ತಾಳೆ. ಒಂದು ಕಾವಲುಗಾರನ ಹುದ್ದೆಗೆ 500 ಪದವೀಧರರು ಮುಗಿಬೀಳುವ ಕಾಲವಿದು ಎಂದು ಹೇಳುವವನೂ ಇದೇ ಅಪ್ಪ. ಬಡವರು ಸಜ್ಜನರಾಗಿದ್ದರೆ ಮಾತ್ರ ಅವರ ಕಷ್ಟಕ್ಕೆ ಬೆಲೆ ಎಂಬ ನಮ್ಮ ಹಳೆಯ ಸಿನಿಮಾ ರೂಢಿಯನ್ನು ಬದಿಗಿಟ್ಟೇ ಈ ಚಿತ್ರವನ್ನು ನೋಡಬೇಕೆಂದು ನನಗೆ ಅನ್ನಿಸುತ್ತದೆ.

ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ: ಕಿ-ಟೆಕ್ ಪಾರ್ಕ್‌ನನ್ನು ಕೊಂದದ್ದೇಕೆ? ಉತ್ತರಕ್ಕಾಗಿ ಚಿತ್ರದುದ್ದಕ್ಕೂ ವಾಸನೆಯ ಬೆನ್ನು ಹಿಡಿದು ಹೋಗಬೇಕು. ಮೊದಲು ಅದನ್ನು ಕಂಡುಹಿಡಿಯುವುದು ಪಾರ್ಕ್ ಮನೆಯ ಪುಟ್ಟ ಹುಡುಗ. ಚಾಲಕನನ್ನೂ ಅಡುಗೆಯಾಕೆಯನ್ನೂ ಮೂಸಿ, ಇಬ್ಬರದೂ ಒಂದೇ ವಾಸನೆ, ಚಿತ್ರಕಲೆಯ ಟೀಚರ್‌ದೂ ಅದೇ ಎನ್ನುತ್ತಾನೆ. ಆ ರಾತ್ರಿ ಕಿಮ್‌ಗಳು ಒಬ್ಬೊಬ್ಬರೂ ಬೇರೆ ಬೇರೆ ಸೋಪು ಬಳಸಬೇಕೇ ಎಂದು ಚರ್ಚಿಸುತ್ತಾರೆ. ಇದು ಸೋಪಿನಿಂದ ಹೋಗುವಂಥದ್ದಲ್ಲ, ಈ ನೆಲಮಾಳಿಗೆಯ ವಾಸನೆ ಎಂದು ಮಗಳು ಹೇಳುತ್ತಾಳೆ. ಅಲ್ಲಿಗೆ ಅದು ಇನ್ನೂ ತಮಾಷೆ. ಮಳೆಯ ರಾತ್ರಿ ಪಾರ್ಕ್ ದಂಪತಿ ಸೋಫಾದ ಮೇಲೆ ಮಲಗಿ ಮಾತಾಡುವಾಗ, ಅವರಿಂದ ಮೊಳದ ದೂರದಲ್ಲಿ ಟೀಪಾಯಿಯ ಕೆಳಗೆ ಕಿ-ಟೆಕ್ ಮಕ್ಕಳೊಂದಿಗೆ ಉಸಿರು ಬಿಗಿಹಿಡಿದು ಬಿದ್ದಿದ್ದಾನೆ. ಮೇಲೆ ಯಜಮಾನ ಆ ವಾಸನೆಗೆ ಹೋಲಿಕೆ ಹುಡುಕುತ್ತಾನೆ: ಹಳೆಯ ಮೂಲಂಗಿ, ಕುದಿಯುವ ನೀರಿಗೆ ಹಾಕಿದ ಮಸಿಬಟ್ಟೆ, ಮೆಟ್ರೋ ರೈಲಿನಲ್ಲಿ ಓಡಾಡುವವರ ಮೈ. ಕಿ-ಟೆಕ್ ಎಂದೂ ಗೆರೆ ದಾಟುವುದಿಲ್ಲ, ಆದರೆ ಅವನ ವಾಸನೆ ದಾಟುತ್ತದೆ ಎನ್ನುತ್ತಾನೆ. ನಾವು ‘ಹದ್ದು ಮೀರುವುದು’ ಎನ್ನುತ್ತೇವಲ್ಲ, ಅದೇ ಮಾತು. ಬೈಗುಳವಾಗಿದ್ದರೆ ಕೇಳಿದವನು ತಿರುಗಿ ಬೈಯಬಹುದಿತ್ತು. ಇದು ಗಂಡಹೆಂಡತಿಯ ಖಾಸಗಿ ಮಾತು, ಅದರಲ್ಲಿ ದ್ವೇಷದ ಲೇಶವೂ ಇಲ್ಲ.

ಮರುದಿನ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತ ಯಜಮಾನಿ, ನಿನ್ನೆಯ ಮಳೆಯಿಂದ ಆಕಾಶ ಎಷ್ಟು ಸ್ವಚ್ಛವಾಗಿದೆ ಎಂದು ಫೋನಿನಲ್ಲಿ ಸಂಭ್ರಮಿಸುತ್ತ, ಮೂಗಿಗೆ ಕೈ ಒಡ್ಡಿ ಗಾಜು ಇಳಿಸುತ್ತಾಳೆ. ಕಾರು ಓಡಿಸುತ್ತಿರುವವನ ಮನೆಯನ್ನು ಅದೇ ಮಳೆ ಕೊಚ್ಚೆನೀರಿನಲ್ಲಿ ಮುಳುಗಿಸಿದೆ. ಅವನು ವ್ಯಾಯಾಮಶಾಲೆಯ ನೆಲದ ಮೇಲೆ ನಿರಾಶ್ರಿತರ ನಡುವೆ ರಾತ್ರಿ ಕಳೆದು ಬಂದಿದ್ದಾನೆ. ತೋಟದ ಪಾರ್ಟಿಯಲ್ಲಿ ಇರಿತಕ್ಕೊಳಗಾಗಿ ಬಿದ್ದ ಗುನ್-ಸೆಯ (ಕೆಲಸ ಕಳೆದುಕೊಂಡ ಆ ಮನೆಗೆಲಸದಾಕೆಯ ಗಂಡನ) ಮೈ ಕೆಳಗೆ ಕಾರಿನ ಕೀಲಿ ಸಿಕ್ಕಿಕೊಂಡಾಗ, ಅದನ್ನು ತೆಗೆಯಲು ಬಾಗಿದ ಪಾರ್ಕ್ ಮೂಗು ಹಿಡಿದುಕೊಳ್ಳುತ್ತಾನೆ. ಆ ವಾಸನೆ ಕಿ-ಟೆಕ್‌ನದಲ್ಲ. ವರ್ಷಗಟ್ಟಲೆ ಅದೇ ಮನೆಯ ತಳದಲ್ಲಿ ಅಡಗಿದ್ದ ಇನ್ನೊಬ್ಬ ಸಾಲಗಾರನದು. ಆದರೂ ಆ ಕೈ ಯಾರ ಕಡೆಗೆ ತಿರುಗಿದೆ ಎಂಬುದು ಕಿ-ಟೆಕ್‌ಗೆ ತಿಳಿದುಹೋಗುತ್ತದೆ. ಕೊಲೆ ಸರಿಯೆಂದು ನಾನು ವಾದಿಸುತ್ತಿಲ್ಲ. ಆ ಹೊತ್ತಿನಲ್ಲಿ ನಟ ಸಾಂಗ್ ಕಾಂಗ್-ಹೋ ಅವರ ಮುಖವನ್ನು ಇನ್ನೊಮ್ಮೆ ನೋಡಿ ಎಂದಷ್ಟೇ ಕೇಳುತ್ತೇನೆ.

ಕಿಮ್‌ಗಳು ವಾಸಿಸುವ ಅರೆ-ನೆಲಮಾಳಿಗೆ ಸಿನಿಮಾದವರ ಕಲ್ಪನೆಯಿರಬೇಕೆಂದು ನೀವು ಊಹಿಸಿದ್ದೀರಿ. ಚಿತ್ರದ ಬೀದಿಯೇನೋ ನೀರಿನ ತೊಟ್ಟಿಯಲ್ಲಿ ಕಟ್ಟಿದ ಸೆಟ್. ಆದರೆ ಅಂಥ ಮನೆಗಳು ಸಿಯೋಲ್‌ನಲ್ಲಿ ಲಕ್ಷಗಟ್ಟಲೆ ಇವೆ, ಅವುಗಳಿಗೆ ‘ಬಾನ್‌ಜಿಹಾ’ ಎನ್ನುತ್ತಾರೆ. 1968ರ ಜನವರಿಯಲ್ಲಿ ಉತ್ತರ ಕೊರಿಯಾದ ಕಮಾಂಡೋಗಳು ಅಧ್ಯಕ್ಷರ ನಿವಾಸದ ಹತ್ತಿರದವರೆಗೆ ನುಗ್ಗಿದ ಮೇಲೆ, 1970ರಲ್ಲಿ ಕಟ್ಟಡ ಕಾನೂನು ಬದಲಾಗಿ, ಹೊಸ ಕಟ್ಟಡಗಳಿಗೆ ಆಪತ್ಕಾಲದಲ್ಲಿ ಅಡಗಲು ನೆಲಮಾಳಿಗೆ ಕಡ್ಡಾಯವಾಯಿತು. ಮೊದಲು ಅದನ್ನು ಬಾಡಿಗೆಗೆ ಕೊಡುವಂತಿರಲಿಲ್ಲ. 1980ರ ದಶಕದಲ್ಲಿ ನಗರದಲ್ಲಿ ಮನೆಗಳ ಅಭಾವ ತೀವ್ರವಾದಾಗ ಸರ್ಕಾರವೇ ಒಪ್ಪಿಗೆ ನೀಡಿತು. ಚರಂಡಿಯ ಮಟ್ಟಕ್ಕಿಂತ ಮನೆ ಕೆಳಗಿರುವುದರಿಂದಲೇ ಕಿಮ್‌ಗಳ ಶೌಚದ ಕಮೋಡು ಮೆಟ್ಟಿಲು ಹತ್ತಿ, ತಲೆ ಸೂರಿಗೆ ತಾಗುವ ಎತ್ತರದಲ್ಲಿ ಕುಳಿತಿದೆ. ಪಾರ್ಕ್ ಮನೆಯ ತಳದ ಗುಪ್ತ ಕೋಣೆಯೂ ಉತ್ತರದ ದಾಳಿಯ ಭಯಕ್ಕೆ ಕಟ್ಟಿಸಿದ್ದೇ. ಒಂದೇ ಭಯದಿಂದ ಹುಟ್ಟಿದ ಎರಡು ನೆಲಮಾಳಿಗೆಗಳು. ಎರಡರಲ್ಲೂ ಕೊನೆಗೆ ಬಂದು ಸೇರಿದವರು ವ್ಯಾಪಾರದಲ್ಲಿ ಸೋತವರು. 2022ರ ಆಗಸ್ಟ್‌ನ ಮಳೆಯಲ್ಲಿ ಸಿಯೋಲ್‌ನ ಇಂಥದೇ ಮನೆಯೊಂದರಲ್ಲಿ ಒಂದೇ ಕುಟುಂಬದ ಮೂವರು ನೀರಿಗೆ ಸಿಕ್ಕಿ ಸತ್ತರು. ಆಮೇಲೆ ನಗರಾಡಳಿತ ಬಾನ್‌ಜಿಹಾಗಳನ್ನು ಹಂತಹಂತವಾಗಿ ಇಲ್ಲವಾಗಿಸುವುದಾಗಿ ಪ್ರಕಟಿಸಿತು.

ಬಂದಳಿಕೆಯ ಹೋಲಿಕೆಯ ಬಗ್ಗೆ ಒಂದು ಮಾತು. ಕೊರಿಯನ್ ಶೀರ್ಷಿಕೆಯಾದ ‘ಗಿಸೆಂಗ್‌ಚುಂಗ್’ ಸೂಚಿಸುವುದು ಗಿಡವನ್ನಲ್ಲ, ಹೊಟ್ಟೆಯೊಳಗಿನ ಹುಳುವನ್ನು. ಅದು ಯಾರೆಂದು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ. ಅನ್ನ ಬೇಯಿಸಲು, ಪಾತ್ರೆ ತೊಳೆಯಲು, ಕಾರು ಓಡಿಸಲು, ಮಕ್ಕಳಿಗೆ ಪಾಠ ಹೇಳಲು ಪ್ರತಿಯೊಂದಕ್ಕೂ ಒಬ್ಬೊಬ್ಬರನ್ನು ನೆಚ್ಚಿಕೊಂಡ ಮನೆಯಲ್ಲಿ ಯಾರು ಯಾರಿಗೆ ಅಂಟಿಕೊಂಡಿದ್ದಾರೆ ಎಂದು ನೀವೂ ಒಮ್ಮೆ ಲೆಕ್ಕ ಹಾಕಿ ನೋಡಬಹುದು.

ನಮ್ಮ ಲೇಖನದಲ್ಲಿ ನೀವು ಗುರುತಿಸಿದ ತಪ್ಪು ನಿಜ. ನಕಲಿ ಪ್ರಮಾಣಪತ್ರ ತಯಾರಿಸಿದ ಮಗಳ ಕೈಚಳಕವನ್ನು ಮೆಚ್ಚಿ ಅಪ್ಪ ಹೆಸರಿಸುವುದು ಆಕ್ಸ್‌ಫರ್ಡನ್ನಲ್ಲ, ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯವನ್ನು. ಹೊರಗಿನವರಿಗೆ ತಟ್ಟನೆ ಅರ್ಥವಾಗಲೆಂದು ಇಂಗ್ಲಿಷ್ ಅಡಿಬರಹದಲ್ಲಿ ಹೆಸರು ಬದಲಿಸಿದ್ದರು. ನಮ್ಮ ಲೇಖಕರು ಅದನ್ನೇ ನಂಬಿದರು. ವಿಷಾದಿಸುತ್ತೇವೆ.

ಕೊನೆಯದಾಗಿ, ಮಗ ಕಿ-ವೂ ಪಾರ್ಕ್ ಮನೆಯನ್ನು ಕೊಂಡು, ಕೊಲೆಯ ಬಳಿಕ ಅದರ ಗುಪ್ತ ಕೋಣೆಯಲ್ಲಿ ಅಡಗಿಕೊಂಡ ತಂದೆಯನ್ನು ಬಿಡಿಸಿದನೆಂದು ನೆಮ್ಮದಿಪಟ್ಟಿದ್ದೀರಿ. ಅವನು ಕೊಂಡಿಲ್ಲ. ಅದು ಅವನು ಪತ್ರದಲ್ಲಿ ಬರೆದ ಆಸೆ. ಸಾಮಾನ್ಯ ಸಂಬಳದಲ್ಲಿ ಆ ಮನೆ ಕೊಳ್ಳಲು ಐನೂರಕ್ಕೂ ಹೆಚ್ಚು ವರ್ಷ ಬೇಕೆಂದು ಬಾಂಗ್ ಅವರೇ ಲೆಕ್ಕ ಹೇಳಿದ್ದಾರೆ. ಬಿಸಿಲು ತುಂಬಿದ ಆ ತೋಟದಲ್ಲಿ ತಂದೆ ಮಗ ಅಪ್ಪಿಕೊಂಡ ದೃಶ್ಯ ಕರಗಿದ ಮೇಲೆ, ಮೊದಲ ದೃಶ್ಯದಲ್ಲಿ ಕಾಲುಚೀಲ ಒಣಹಾಕಿದ್ದ ಅದೇ ಕಿಟಕಿಗೆ ಕ್ಯಾಮೆರಾ ಮರಳಿ, ನಿಧಾನವಾಗಿ ಕೆಳಗಿಳಿಯುತ್ತದೆ. ಹೊರಗೆ ರಾತ್ರಿ, ಹಿಮ. ಒಳಗೆ ಕಿ-ವೂ ಕುಳಿತಿದ್ದಾನೆ, ತಲುಪಿಸಲು ದಾರಿಯಿಲ್ಲದ ಪತ್ರದೊಂದಿಗೆ.

– ಸಂಪಾದಕ