ಬದುವಿನ ಪಕ್ಕದ ಗಿಡದ ತೆಂಡೆ ನೋಡಿ ಬೀಜ ಎತ್ತಬೇಡಿ

ಭತ್ತದ ಎಫ್2 (ಸಂಕರದ ಎರಡನೇ ಪೀಳಿಗೆ) ಸಾಲಿನಲ್ಲಿ ಮೂವತ್ತು ತೆಂಡೆ (ಬುಡದಿಂದ ಒಡೆಯುವ ಕವಲು) ಬಂದ ಗಿಡದ ಫೋಟೋ ಹಾಕಿ, "ಇಳುವರಿಗೆ ಇದೇ ಸರಿ, ಬೀಜಕ್ಕೆ ಇದೊಂದೇ ಇಡ್ತೀನಿ" ಅಂದಿದ್ದೀರಿ. ಸ್ವಲ್ಪ ತಡೆಯಿರಿ. ತೆಂಡೆಗೆ ಮರುಳಾಗಿ ಹುಲ್ಲು ಬೆಳೆದವರಲ್ಲಿ ನಾನೂ ಒಬ್ಬ.

ಗಿಡ ಇರೋದು ಬದುವಿನ ಪಕ್ಕ. ಒಂದು ಕಡೆ ಪೈಪೋಟಿಯೇ ಇಲ್ಲ. ಬಿಸಿಲು, ಗೊಬ್ಬರ ಎಲ್ಲ ಅದಕ್ಕೇ. ಅದು ಜಾಗದ ಗುಣ, ತಳಿಯದ್ದಲ್ಲ. ಅಂಚಿನ ಸಾಲು ಬಿಟ್ಟು ಆರಿಸಿ ಅಂತ ಇಲ್ಲಿ ಎಷ್ಟು ಸಲ ಹೇಳೋದು?

ನಾನು ತೆಂಡೆ ಎಣಿಸೋದನ್ನೇ ಬಿಟ್ಟಿದ್ದೇನೆ. ಕೊಯ್ಲಿನ ಹೊತ್ತಿಗೆ ಗಿಡವನ್ನು ಬುಡಸಮೇತ ಕಿತ್ತು, ತೆನೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸುತ್ತೇನೆ. ಮೊದಲ ತೆನೆ ಹಣ್ಣಾಗಿ, ಕೊನೆಯದು ಇನ್ನೂ ಹಸಿರಾಗಿ ಮೋಟಾಗಿದ್ದರೆ ಆ ಗಿಡ ಬೇಡ. ತಡವಾಗಿ ಬಂದ ತೆಂಡೆಯ ಎಳೆ ಕಾಳು ಗಿರಣಿಯಲ್ಲಿ ನುಚ್ಚಾಗುತ್ತದೆ. ಆಮೇಲೆ ದೊಡ್ಡ ತೆನೆಯ ಬುಡದ ಕಿರುಕವಲು ಹಿಡಿದು, ಒಂದೊಂದೇ ಕಾಳನ್ನು ಉಗುರಿನಿಂದ ಒತ್ತಿ ನೋಡಿ. ತೆನೆಯ ತುದಿಯ ಕಾಳು ಮೊದಲು ಹೂವಾಗಿ ಮೊದಲು ತುಂಬುತ್ತದೆ, ಬುಡದ್ದು ಕೊನೆಗೆ. ಜೊಳ್ಳು ಅಡಗಿರೋದು ಅಲ್ಲೇ. ತುದಿ ಮಾತ್ರ ನೋಡಿ ಖುಷಿಪಡಬೇಡಿ.

ಹಾಗಂತ ಕಡಿಮೆ ತೆಂಡೆ, ಭಾರೀ ತೆನೆ ಅಂತ ಆ ಕಡೆಗೂ ಓಡಬೇಡಿ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರೇ 1990ರ ಆಸುಪಾಸಿನಲ್ಲಿ ಅಂಥ ಗಿಡ ಮಾಡಿ ನೋಡಿದ್ದರು. ಮೊದಲ ಸರದಿಯವುಗಳಲ್ಲಿ ಕಾಳು ಸರಿಯಾಗಿ ತುಂಬಲಿಲ್ಲ. ಒಳ್ಳೆಯ ಇಂಡಿಕಾ (ನಮ್ಮ ಕಡೆ ಬೆಳೆಯೋ ಭತ್ತದ ಗುಂಪು) ತಳಿಗಳ ಜೊತೆ ಮತ್ತೆ ಸಂಕರ ಮಾಡಬೇಕಾಯಿತು.

ಗಿಡ್ಡ ಗಿಡವೇ ಬೇಕು ಅನ್ನೋರಿಗೂ ಒಂದು ಮಾತು. 1966ರಲ್ಲಿ ಬಂದ ಐಆರ್8 ಅನ್ನೋ ಭತ್ತದ ತಳಿಗೆ ಗಿಡ್ಡತನ ಸಿಕ್ಕಿದ್ದು ತೈವಾನಿನ ಡೀ-ಜಿಯೊ-ವೂ-ಜೆನ್ ತಳಿಯಿಂದ. ಗಿಡ್ಡವಾಗಿದ್ದರಿಂದ ಸಾರಜನಕ ಜಾಸ್ತಿ ಕೊಟ್ಟರೂ ಸುಲಭವಾಗಿ ಬೀಳಲಿಲ್ಲ. ಒಣ ತೂಕದಲ್ಲಿ ಕಾಳಿನ ಪಾಲು ಅರ್ಧದ ಹತ್ತಿರಕ್ಕೆ ಬಂತು. ಹಳೆಯ ಎತ್ತರದ ತಳಿಗಳಲ್ಲಿ ಅದು ಮೂರನೇ ಒಂದರಷ್ಟೇ. ಅದಕ್ಕೇ ಕಾಳಿನ ಜೊತೆ ಹುಲ್ಲನ್ನೂ ಒಣಗಿಸಿ ತೂಗಿ ಅನ್ನೋದು. ತೀರಾ ಕುಳ್ಳಾದರೆ ಎಲೆ ಮೇಲೆ ಎಲೆ ಕೂತು ಕೆಳಗೆ ಬಿಸಿಲೇ ಇಳಿಯೋದಿಲ್ಲ, ಅದೂ ನಷ್ಟವೇ.

ಎಫ್2ದಲ್ಲಿ ಎತ್ತರ, ಹೂ ಬಿಡುವ ದಿನ, ಕಾಳಿನ ಆಕಾರ ನೋಡಿ ಆರಿಸಬಹುದು. ಇವು ಮುಂದಿನ ಪೀಳಿಗೆಗೆ ಸಾಕಷ್ಟು ನಂಬಿಕೆಯಿಂದ ಇಳಿಯುತ್ತವೆ. ಒಂಟಿ ಗಿಡದ ಇಳುವರಿ ಹಾಗಲ್ಲ. ಒಂದೇ ಗಿಡಕ್ಕೆ ಜೋತುಬೀಳದೆ ಹತ್ತಾರು ಗಿಡದ ಬೀಜ ಬೇರೆ ಬೇರೆ ಸಾಲಿಗೆ ಹಾಕಿ. ನಡುನಡುವೆ ನಿಮಗೆ ಗೊತ್ತಿರೋ ತಳಿಯ ಒಂದು ಸಾಲು ಇರಲಿ, ಇಲ್ಲದಿದ್ದರೆ ಯಾವುದರ ಜೊತೆ ಹೋಲಿಸ್ತೀರಿ? ಯೂರಿಯಾ ಎಲ್ಲ ಸಾಲಿಗೂ ಒಂದೇ ಸಮ ಬೀಳಬೇಕು, ಕೈ ಜಾರಿದ ಕಡೆ ತೆಂಡೆ ಮತ್ತೆ ಮೋಸ ಮಾಡುತ್ತೆ.

ಸಾವಿರ ಕಾಳಿನ ತೂಕ ನೋಡೋಕೆ ಕಾಳು ಎಣಿಸೋ ದುಬಾರಿ ಯಂತ್ರ ತಗೋಬೇಡಿ, ಬ್ರಾಂಡ್ ಹೆಸರಿಗೆ ದುಡ್ಡು ಸುಮ್ನೆ ದಂಡ. ಸಾವಿರ ಕಾಳು ಕೈಯಲ್ಲೇ ಎಣಿಸಿ, ಗ್ರಾಂ ತೋರಿಸೋ ಸಣ್ಣ ತಕ್ಕಡಿ ಸಾಕು. ಎಲ್ಲ ಸಾಲಿನ ಕಾಳಿನ ತೇವ ಒಂದೇ ಮಟ್ಟಕ್ಕೆ ಇಳಿಯದೆ ಮಾತ್ರ ತೂಗಬೇಡಿ. ಬೀಜದ ತೆನೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ್ದೀರಿ ಅಲ್ವಾ? ಇವತ್ತೇ ಕಾಗದದ ಚೀಲಕ್ಕೆ ಹಾಕಿ, ಒಳಗೂ ಹೊರಗೂ ಸಾಲಿನ ನಂಬರ್ ಬರೆಯಿರಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತೆ.