ನಾರ್ದರ್ನ್ ಸೋಲ್: ಮೂಲ ಪ್ರತಿಯೇ ಬೇಕಾ?

ಅದೇ ಹಾಡು ಮರುಮುದ್ರಣದಲ್ಲಿ ಅಗ್ಗಕ್ಕೆ ಸಿಗುವಾಗ ಅರವತ್ತರ ದಶಕದ ನಾರ್ದರ್ನ್ ಸೋಲ್ (ಉತ್ತರ ಇಂಗ್ಲೆಂಡಿನಲ್ಲಿ ಕುಣಿತಕ್ಕೆ ಹೆಸರಾದ ಅಮೆರಿಕದ ಸೋಲ್ ಸಂಗೀತ) ಮೂಲ ರೆಕಾರ್ಡಿಗೆ ಅಷ್ಟು ದುಡ್ಡು ಯಾಕೆ, ನಾನೂ ಕೊಡಬೇಕಾ ಅಂತ ಕೇಳಿದ್ದೀರಿ. ಮನೆಯಲ್ಲಿ ಕೇಳುವುದಕ್ಕಾದರೆ ಖಂಡಿತ ಬೇಡ. ಒಳ್ಳೆಯ ಮರುಮುದ್ರಣ ಸಾಕು.

ಮೂಲಕ್ಕೆ ಬೆಲೆ ಬಂದದ್ದು ಇಂಗ್ಲೆಂಡಿನ ಕುಣಿತದ ಹಾಲ್‌ಗಳಿಂದ. ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್, ಆಮೇಲೆ 1973ರಲ್ಲಿ ಶುರುವಾದ ವಿಗನ್ ಕ್ಯಾಸಿನೊ. ಅಲ್ಲಿ ಕಾರ್ಮಿಕರ ಮನೆಯ ಹುಡುಗ ಹುಡುಗಿಯರು ರಾತ್ರಿಯಿಡೀ ಕುಣಿದದ್ದು ಅಮೆರಿಕದಲ್ಲಿ ಓಡದೇ ಹೋದ ಹಾಡುಗಳಿಗೆ. ಓಡದ ಹಾಡು ಅಂದರೆ ಉಳಿದ ಪ್ರತಿಗಳೂ ಕಡಿಮೆ, ಅಲ್ವಾ? ಬೇರೆ ಡಿಜೆಗಳಿಗೆ ಗೊತ್ತಾಗದಿರಲಿ ಅಂತ ಅಲ್ಲಿನ ಡಿಜೆಗಳು ರೆಕಾರ್ಡಿನ ನಡುವೆ ಹೆಸರಿರುವ ಲೇಬಲ್ ಮೇಲೆ ಕಾಗದ ಅಂಟಿಸಿ ಸುಳ್ಳು ಹೆಸರು ಹೇಳುತ್ತಿದ್ದರು. ಫ್ರಾಂಕ್ ವಿಲ್ಸನ್ 1965ರಲ್ಲಿ ಹಾಡಿದ 'ಡೂ ಐ ಲವ್ ಯೂ' ವಿಗನ್‌ನಲ್ಲಿ ಎಡ್ಡಿ ಫಾಸ್ಟರ್ ಎಂಬ ಹೆಸರಲ್ಲಿ ಮೊಳಗಿತು. ಅದರ ಮೂಲ ಪ್ರತಿಗಳು ಬೆರಳೆಣಿಕೆಯಷ್ಟೇ. 2009ರಲ್ಲಿ ಒಂದು ಪ್ರತಿ 25,000 ಪೌಂಡಿಗೂ ಜಾಸ್ತಿಗೆ ಹೋಯಿತು. ಹಾಡು ಬೇಕಿದ್ದವರಿಗೆ 1979ರಲ್ಲೇ ಟ್ಯಾಮ್ಲಾ ಮೋಟೌನ್ ಎಂಬ ರೆಕಾರ್ಡ್ ಕಂಪನಿ ಅದನ್ನು ಬ್ರಿಟನ್ನಿನಲ್ಲಿ ಹೊರತಂದಿತ್ತು!

ಇವತ್ತಿಗೂ ಎಷ್ಟೋ ಸೋಲ್ ರಾತ್ರಿಗಳಲ್ಲಿ ಡಿಜೆ ಮೂಲ ಪ್ರತಿಯನ್ನೇ ಹಾಕಬೇಕೆಂಬ ಪಟ್ಟು ಇದೆ. ನನಗೆ ಅದು ಇಷ್ಟ. ಹುಡುಕಾಟದ ಶ್ರಮಕ್ಕೆ ಕೊಡುವ ಮರ್ಯಾದೆ ಅದು. ಆದರೆ ಕುಣಿಯಲು ಬಂದವರ ಮೇಲೆ ಅದನ್ನು ಹೇರುವುದು ಸರಿಯಲ್ಲ.

ಕೊಳ್ಳಲೇಬೇಕು ಅನಿಸಿದರೆ, ಹಳೆಯದಾಗಿ ಕಂಡಿತು ಅಂತ ಸುಮ್ನೆ ನಂಬಬೇಡಿ. ಎಪ್ಪತ್ತರ ದಶಕದಲ್ಲೇ ನಕಲಿಗಳು ಬಂದಿದ್ದವು. ಲೇಬಲ್ ಸುತ್ತಲಿನ ಖಾಲಿ ಜಾಗದಲ್ಲಿ ಕೊರೆದ ಸಂಖ್ಯೆಯ ಸ್ಪಷ್ಟ ಫೋಟೊ ಕೇಳಿ. ಅದನ್ನು ಖಚಿತ ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಿ. ಫೋಟೊ ಕೊಡಲು ಹಿಂಜರಿಯುವವರಿಗೆ ದುಡ್ಡು ಕಳಿಸಬೇಡಿ.